ಹನ್ನೊಂದೂವರೆ ಸೆಂಟಿಮೀಟರ್

ನಲವತ್ತು ಸೆಕೆಂಡಿನ ವಿಡಿಯೊ. ಗಾಜಾ ನಗರದ ಒಂದು ಟೆಂಟ್ ಕ್ಲಿನಿಕ್ಕು, ತಾಯಿಯ ತೊಡೆಯ ಮೇಲೆ ಒಂದೂವರೆ ವರ್ಷದ್ದಿರಬಹುದಾದ ಮಗು. ಕಾರ್ಯಕರ್ತೆ ಅದರ ಎಡತೋಳಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ತುದಿಯನ್ನು ಸೀಳಿನೊಳಗೆ ತೂರಿಸಿ ಮೆಲ್ಲಗೆ ಎಳೆಯುತ್ತಾಳೆ. ಪಟ್ಟಿಯ ಕಿಂಡಿಯಲ್ಲಿ ಹಸಿರು ಸರಿದುಹೋಗುತ್ತದೆ, ಹಳದಿ ಸರಿದುಹೋಗುತ್ತದೆ, ಕೆಂಪು ಬರುತ್ತದೆ. ಕೆಂಪು ಬಂದ ಮೇಲೂ ಪಟ್ಟಿ ಸಡಿಲವೇ ಇದೆ. ಆಕೆ ಇನ್ನೂ ಎಳೆಯುತ್ತಾಳೆ. ತಾಯಿ ಪಟ್ಟಿಯನ್ನು ನೋಡುತ್ತಿಲ್ಲ. ಕಾರ್ಯಕರ್ತೆಯ ಮುಖ ನೋಡುತ್ತಿದ್ದಾಳೆ.

2025ರ ಆಗಸ್ಟ್ 22ರ ಶುಕ್ರವಾರ, ಹಸಿವಿನ ಮಟ್ಟ ಅಳೆಯುವ ವಿಶ್ವಸಂಸ್ಥೆ ಬೆಂಬಲದ ವ್ಯವಸ್ಥೆಯಾದ ಐಪಿಸಿಯ ವರದಿ ಬಂದ ರಾತ್ರಿ ಇದನ್ನು ಮೊದಲು ನೋಡಿದ್ದು. ಅಲ್ಲಿಂದೀಚೆಗೆ ಈ ವಾರ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಗಾಜಾ ನಗರ ಮತ್ತು ಸುತ್ತಲಿನ ಜಿಲ್ಲೆಯಲ್ಲಿ (ಗಾಜಾ ಗವರ್ನರೇಟ್) ಕ್ಷಾಮ ಇದೆ, ಐದು ಲಕ್ಷಕ್ಕೂ ಹೆಚ್ಚು ಜನ ಎಲ್ಲಕ್ಕಿಂತ ಕೆಟ್ಟದಾದ ಐದನೇ ಹಂತದ ಹಸಿವಿನಲ್ಲಿದ್ದಾರೆ, ಸೆಪ್ಟೆಂಬರ್ ಕೊನೆಗೆ ಅದು 6.41 ಲಕ್ಷ ಮುಟ್ಟುತ್ತದೆ ಎಂದಿತು ವರದಿ. ನೆತನ್ಯಾಹು ಅದನ್ನು ಶುದ್ಧ ಸುಳ್ಳು ಎಂದರು. ಅದಾದ ಮೇಲೆ ಜಗಳ ನಡೆದದ್ದು ಮಗುವಿನ ಬಗ್ಗೆ ಅಲ್ಲ, ಆ ಪಟ್ಟಿಯ ಬಗ್ಗೆ.

ಹಾಗಾಗಿ ಪಟ್ಟಿಯಿಂದಲೇ ಶುರು ಮಾಡೋಣ. ಇಂಗ್ಲಿಷ್ ಅಕ್ಷರ ಕೂಡಿಸಿ ಇದನ್ನು 'ಮ್ಯುಆಕ್' ಎನ್ನುತ್ತಾರೆ. ತೋಳಿನ ನಡುಭಾಗದ ಸುತ್ತಳತೆ ನೋಡುವ ಪಟ್ಟಿ. ನಮ್ಮ ಜಿಲ್ಲಾ ಆಸ್ಪತ್ರೆಗಳ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲೂ ಇರುವುದು ಇದೇ. 11.5 ಸೆಂ.ಮೀ.ಗಿಂತ ಕಡಿಮೆಯಾದರೆ ಕೆಂಪು, ತೀವ್ರ ಅಪೌಷ್ಟಿಕತೆ. ನಮ್ಮ ಅಂಗನವಾಡಿ ಭಾಷೆಯಲ್ಲಿ 'ಸ್ಯಾಮ್'. ಅಲ್ಲಿಂದ 12.5ರ ತನಕ ಹಳದಿ, ಮಧ್ಯಮ ಅಪೌಷ್ಟಿಕತೆ, 'ಮ್ಯಾಮ್'. ಅದರ ಮೇಲೆ ಹಸಿರು. ಆರು ತಿಂಗಳಿಂದ ಐದು ವರ್ಷದ ತನಕ ಎಲ್ಲ ಮಕ್ಕಳಿಗೂ ಒಂದೇ ಗೆರೆ. ಇದು ಹೇಗೆ ಸಾಧ್ಯ ಅನ್ನಿಸಬಹುದು. ಒಂದರಿಂದ ಐದನೇ ವರ್ಷದ ತನಕ ಮಗು ಉದ್ದವಾಗುತ್ತದೆ, ಓಡುತ್ತದೆ, ಆದರೆ ತೋಳಿನ ಸುತ್ತಳತೆ ಹೆಚ್ಚೇನೂ ಬದಲಾಗುವುದಿಲ್ಲ. ಎಳೆಗೂಸಿನ ಕೊಬ್ಬು ಕರಗಿದಷ್ಟು ಜಾಗಕ್ಕೆ ಸ್ನಾಯು ಬರುತ್ತದೆ. ಹೀಗಾಗಿ ಹುಟ್ಟಿದ ದಿನ ಗೊತ್ತಿಲ್ಲದ, ದಾಖಲೆ ಸುಟ್ಟುಹೋದ, ಮೂರು ಸಲ ಗುಳೆ ಎದ್ದ ಮಗುವನ್ನೂ ಇದರಿಂದ ಅಳೆಯಬಹುದು. 11.5 ಸುತ್ತಳತೆ ಎಂದರೆ ತೋಳು ಸುಮಾರು ಮೂರೂವರೆ ಸೆಂಟಿಮೀಟರ್ ದಪ್ಪ. ಒಂದು ಪಚ್ಚಬಾಳೆ ಹಣ್ಣಿನಷ್ಟು.

ಅಳೆಯುವುದು ಸುಲಭ, ತಪ್ಪು ಮಾಡುವುದು ಇನ್ನೂ ಸುಲಭ. ಮೊಣಕೈ ಮಡಚಿಸಿ ಭುಜದ ಮೂಳೆಯ ತುದಿಯಿಂದ ಮೊಣಕೈ ತುದಿಯ ತನಕದ ಉದ್ದ ನೋಡಿ ನಡುವೆ ಗುರುತು ಹಾಕಬೇಕು. ಆಮೇಲೆ ಕೈಯನ್ನು ಕೆಳಗೆ ಇಳಿಬಿಡಿಸಿ ಪಟ್ಟಿ ಸುತ್ತಬೇಕು. ಮಡಚಿದ ಕೈಯಲ್ಲೇ ಅಳೆದರೆ ಸ್ನಾಯು ಉಬ್ಬಿ ಸಂಖ್ಯೆ ಹೆಚ್ಚು ಬರುತ್ತದೆ. ಚರ್ಮ ಚಿವುಟುವಷ್ಟು ಬಿಗಿದರೆ ಕಡಿಮೆ ಬರುತ್ತದೆ. ಅಂಗಿಯ ತೋಳಿನ ಮೇಲೆ ಸುತ್ತುವವರೂ ಇದ್ದಾರೆ. ಎಲ್ಲಕ್ಕಿಂತ ಮೋಸದ್ದು ಬಾವು. ಹಸಿವಿನಿಂದಲೇ ನೀರು ತುಂಬಿಕೊಂಡ ಮಗುವಿನ ತೋಳು ಗುಂಡಗೆ ಕಾಣುತ್ತದೆ, ಪಟ್ಟಿ ಹಸಿರು ತೋರಿಸುತ್ತದೆ. ಅದಕ್ಕೇ ಎರಡೂ ಪಾದಗಳ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡು ಒತ್ತಿ ನೋಡುವುದು. ಗುಳಿ ಬಿದ್ದು ಹಾಗೇ ಉಳಿದರೆ, ಪಟ್ಟಿ ಏನೇ ಹೇಳಲಿ, ಅದು ತೀವ್ರ ಅಪೌಷ್ಟಿಕತೆಯೇ.

ವಿಡಿಯೊದ ಹುಡುಗಿ (ಇಪ್ಪತ್ತೈದು ದಾಟಿರಲಿಕ್ಕಿಲ್ಲ) ಇದಿಷ್ಟನ್ನೂ ಸರಿಯಾಗಿ ಮಾಡುತ್ತಾಳೆ. ಪಾದವನ್ನೂ ಒತ್ತಿ ನೋಡುತ್ತಾಳೆ. ಅವಳಿಗೂ ಹೊಟ್ಟೆಗೆ ಸರಿಯಾಗಿ ಬಿದ್ದಂತೆ ಕಾಣುವುದಿಲ್ಲ. ಮಣಿಕಟ್ಟಿನ ಮೂಳೆ ಎದ್ದು ಕಾಣುತ್ತದೆ. ವಾರವಿಡೀ ಟಿವಿಯಲ್ಲಿ ಕ್ಷಾಮದ ವ್ಯಾಖ್ಯಾನ ಕೊಟ್ಟ ಕೋಟುಧಾರಿಗಳಲ್ಲಿ ಒಬ್ಬರಾದರೂ ಈ ಪಟ್ಟಿಯನ್ನು ಕೈಯಲ್ಲಿ ಹಿಡಿದಿರುವುದು ಅನುಮಾನ.

ಪಟ್ಟಿಯ ಬಗ್ಗೆ ಎದ್ದ ಆಕ್ಷೇಪ ಇಷ್ಟು: ಕ್ಷಾಮ ಎನ್ನಲು ಶೇ 30ರಷ್ಟು ಮಕ್ಕಳು ಅಪೌಷ್ಟಿಕರಾಗಿರಬೇಕಿತ್ತು, ಗಾಜಾಕ್ಕೆಂದೇ ಅದನ್ನು ಶೇ 15ಕ್ಕೆ ಇಳಿಸಿದ್ದಾರೆ. ಕೇಳಿದರೆ ನಿಜವೆನ್ನಿಸುತ್ತದೆ. ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತು. ಆದರೆ ಶೇ 30 ಎಂಬುದು ತೂಕ ಮತ್ತು ಎತ್ತರ ಎರಡನ್ನೂ ಅಳೆದು ಲೆಕ್ಕ ಹಾಕಿದಾಗಿನ ಗೆರೆ. ಶೇ 15 ತೋಳಿನ ಪಟ್ಟಿಯದು. ಎರಡು ಅಳತೆಗೂ ಸಿಗುವ ಮಕ್ಕಳು ಒಂದೇ ಅಲ್ಲ. ಪಟ್ಟಿ ಸಾಮಾನ್ಯವಾಗಿ ಕಡಿಮೆ ಮಕ್ಕಳನ್ನು ಹಿಡಿಯುತ್ತದೆ, ಹಿಡಿದವರಿಗೆ ಸಾವಿನ ಅಪಾಯ ಹೆಚ್ಚು. ಸೇರಿನ ಲೆಕ್ಕವನ್ನು ಕಿಲೋ ತಕ್ಕಡಿಗೆ ಹಾಕಿ 'ಅಳತೆ ಕಡಿಮೆ ಮಾಡಿದರು' ಎಂದಂತಾಯಿತು. ಪಟ್ಟಿಯ ಗೆರೆ ಐಪಿಸಿಯ ನಿಯಮಗಳಲ್ಲಿ ಗಾಜಾ ವರದಿಗೆ ಮುಂಚಿನಿಂದಲೂ ಇದ್ದದ್ದು. ಗಾಜಾದಲ್ಲಿ ಪಟ್ಟಿಯನ್ನೇ ಏಕೆ ಬಳಸಿದರು ಎಂದರೆ, ಎತ್ತರ ಅಳೆಯುವ ಮರದ ಹಲಗೆ, ತೂಕದ ಯಂತ್ರ ಹೊತ್ತು ಬಾಂಬು ಬೀಳುವ ಊರಿನಲ್ಲಿ ಮನೆಮನೆ ಸುತ್ತುವುದು ಯಾರಿಂದಲೂ ಆಗದ ಕೆಲಸ. ಪಟ್ಟಿ ಕಿಸೆಯಲ್ಲಿ ಹಿಡಿಸುತ್ತದೆ. ಗಾಜಾ ನಗರದಲ್ಲಿ ಮಕ್ಕಳ ಅಪೌಷ್ಟಿಕತೆ ಮೇ ತಿಂಗಳಲ್ಲಿ ಶೇ 4.4 ಇದ್ದದ್ದು ಜುಲೈನಲ್ಲಿ ಶೇ 16.5 ಆಯಿತು. ನನಗೆ ಹೆದರಿಕೆ ಹುಟ್ಟಿಸುವುದು ಗೆರೆ ದಾಟಿದ್ದಲ್ಲ, ದಾಟಿದ ವೇಗ. ಎರಡು ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು.

ವರದಿಯಲ್ಲಿ ನಿಜಕ್ಕೂ ಕುಂಟುವ ಕಾಲು ಬೇರೆ ಇದೆ, ಅದನ್ನೂ ಹೇಳಬೇಕು. ಕ್ಷಾಮಕ್ಕೆ ಮೂರು ಲಕ್ಷಣ: ಐದರಲ್ಲಿ ಒಂದು ಮನೆಗೆ ಆಹಾರ ಇಲ್ಲವೆನ್ನುವಷ್ಟು ಕಡಿಮೆ ಇರುವ ಸ್ಥಿತಿ, ಮಕ್ಕಳ ಅಪೌಷ್ಟಿಕತೆ, ಮತ್ತು ಹತ್ತು ಸಾವಿರಕ್ಕೆ ದಿನಕ್ಕೆ ಎರಡು ಹಸಿವಿನ ಸಾವು. ಮೂರನೆಯದಕ್ಕೆ ನೇರ ಎಣಿಕೆ ಸಿಗಲಿಲ್ಲ; ಲಭ್ಯ ಸುಳಿವುಗಳನ್ನು ಕೂಡಿಸಿ, ಆ ಮಿತಿ ದಾಟಿದೆ ಎಂದು ಪರಿಶೀಲನಾ ಸಮಿತಿ ತೀರ್ಮಾನಿಸಿತು. ಹತ್ತು ಲಕ್ಷ ಜನರಿರುವಲ್ಲಿ ಅದು ದಿನಕ್ಕೆ ಇನ್ನೂರು ಹೆಣ. ಎಲ್ಲಿವೆ ತೋರಿಸಿ ಎಂದು ಟೀಕಾಕಾರರು ಕೇಳುತ್ತಾರೆ. ಕೇಳುವ ಹಕ್ಕಿದೆ. ಆದರೆ ಹಸಿವು ಯಾರನ್ನೂ 'ಹಸಿವು' ಎಂಬ ಹೆಸರಿನಲ್ಲಿ ಕೊಲ್ಲುವುದಿಲ್ಲ. ಭೇದಿ ಎಂದು ಬರೆಯುತ್ತಾರೆ, ನ್ಯುಮೋನಿಯಾ ಎಂದು ಬರೆಯುತ್ತಾರೆ. ಟೆಂಟಿನಲ್ಲಿ ಸತ್ತ ಅಜ್ಜಿಯನ್ನು ಪಕ್ಕದ ಮರಳಿನಲ್ಲೇ ಹೂಳಿದರೆ ಬರೆಯುವುದೂ ಇಲ್ಲ. ಎಣಿಸುವವರೇ ಸಾಯುತ್ತಿರುವ ಊರಿನಲ್ಲಿ ಎಣಿಕೆ ಪೂರ್ತಿ ಇರಬೇಕೆಂದು ಹಟ ಹಿಡಿಯುವುದಕ್ಕೆ ನನ್ನಲ್ಲಿ ಸಭ್ಯವಾದ ಹೆಸರಿಲ್ಲ. ಆಗಸ್ಟ್ 25ರ ಸೋಮವಾರ ಖಾನ್ ಯೂನಿಸ್‌ನ ನಾಸೆರ್ ಆಸ್ಪತ್ರೆಯ ಮೇಲೆ ದಾಳಿಯಾಗಿ ಸತ್ತವರು ಕನಿಷ್ಠ ಇಪ್ಪತ್ತು, ಅವರಲ್ಲಿ ಐವರು ಪತ್ರಕರ್ತರು.

ಇನ್ನೊಂದು ವಾದ, 'ಪತ್ರಿಕೆಗಳಲ್ಲಿ ಬಂದ ಫೋಟೊದ ಮಗುವಿಗೆ ಮೊದಲೇ ಕಾಯಿಲೆ ಇತ್ತು' ಎಂಬುದು. ಇದ್ದಿರಬಹುದು. ಪತ್ರಿಕೆಗಳು ಆ ಮಾತನ್ನು ಮೊದಲೇ ಬರೆಯಬೇಕಿತ್ತು, ಅದು ಅವರ ತಪ್ಪು. ಆದರೆ ಎಲ್ಲ ಕ್ಷಾಮವೂ ಮೊದಲು ಎತ್ತಿಕೊಂಡು ಹೋಗುವುದು ಅಂಥವರನ್ನೇ: ಮಿದುಳಿನ ತೊಂದರೆಯಿಂದ ನುಂಗಲಾಗದ ಮಗು, ಗೋಧಿ ಒಗ್ಗದ ಮಗು, ಅವಧಿಗೆ ಮುಂಚೆ ಹುಟ್ಟಿದ ಮಗು. ವಿಶೇಷ ಹಾಲು ಸಿಗುತ್ತಿದ್ದಷ್ಟು ದಿನ ಬದುಕಿದ್ದವು. ಹಾಲು ನಿಂತಿತು.

ಕೆಂಪು ಬಂದ ಮೇಲೆ ಏನಾಗುತ್ತದೆ ಎಂಬುದು ವಿಡಿಯೊದಲ್ಲಿಲ್ಲ. ಮೊದಲು ಹಸಿವಿನ ಪರೀಕ್ಷೆ. ಒಂದು ಪೊಟ್ಟಣ ಕತ್ತರಿಸಿ ಕೊಡುತ್ತಾರೆ, ಮಗು ತಾನಾಗಿ ತಿನ್ನುತ್ತದೆಯೇ ನೋಡುತ್ತಾರೆ. ಪೊಟ್ಟಣದಲ್ಲಿರುವುದು ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ, ಖನಿಜ. 92 ಗ್ರಾಂ, 500 ಕ್ಯಾಲೊರಿ. ನೀರು ಬೆರೆಸಬೇಕಿಲ್ಲ, ಬೇಯಿಸಬೇಕಿಲ್ಲ. ಮಾರ್ಚಿನಿಂದ ಅಡುಗೆ ಗ್ಯಾಸು ಒಳಬರದಿದ್ದ, ಪ್ಲಾಸ್ಟಿಕ್ ಸುಟ್ಟು ರೊಟ್ಟಿ ಬೇಯಿಸುತ್ತಿದ್ದ ಊರಿನಲ್ಲಿ ಇದರ ಬೆಲೆ ಅಲ್ಲೇ ಇದ್ದದ್ದು. ಆರೂವರೆ ಕಿಲೋ ಮಗುವಿಗೆ ದಿನಕ್ಕೆ ಎರಡೂವರೆ ಪೊಟ್ಟಣ, ಆರರಿಂದ ಎಂಟು ವಾರ. ಒಂದು ಪೆಟ್ಟಿಗೆಯಲ್ಲಿ 150 ಪೊಟ್ಟಣ, 13.8 ಕಿಲೋ. ಒಂದು ಪೆಟ್ಟಿಗೆ, ಒಂದು ಮಗು. ಜುಲೈ ಕೊನೆಯಲ್ಲೇ ಯುನಿಸೆಫ್, ಆಗಸ್ಟ್ ಮಧ್ಯಕ್ಕೆ ದಾಸ್ತಾನು ಮುಗಿಯುತ್ತದೆ ಎಂದು ಎಚ್ಚರಿಸಿತ್ತು. ಮನೆಯಲ್ಲಿ ಮತ್ತಿಬ್ಬರು ಮಕ್ಕಳಿದ್ದರೆ ತಾಯಿ ಒಂದನ್ನೇ ಮೂರು ಪಾಲು ಮಾಡುತ್ತಾಳೆ. ಆಗ ತೋಳಿನ ಅಳತೆ ವಾರಗಟ್ಟಲೆ ಕದಲುವುದಿಲ್ಲ. ತಾಯಿಯನ್ನು ಬೈಯುವ ಡಾಕ್ಟರನ್ನು ಎಲ್ಲ ದೇಶದಲ್ಲೂ ಕಾಣಬಹುದು.

ಮಗು ತಿನ್ನದಿದ್ದರೆ ಒಳರೋಗಿ. ಅಲ್ಲಿ ಕೆಲಸ ಇನ್ನೂ ನಾಜೂಕು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಹೊಟ್ಟೆ ತುಂಬ ಕೊಟ್ಟರೆ ರಕ್ತದ ಫಾಸ್ಫೇಟು, ಪೊಟ್ಯಾಸಿಯಂ ಜೀವಕೋಶಗಳೊಳಗೆ ನುಗ್ಗಿ ಹೃದಯ ನಿಲ್ಲಬಹುದು. ಎಫ್-75 ಎಂಬ ತೆಳು ಹಾಲನ್ನು ಎರಡು ಗಂಟೆಗೊಮ್ಮೆ ಕೊಡುತ್ತಾರೆ; ಐದು ಕಿಲೋ ಮಗುವಿಗೆ ಒಂದು ಸಲಕ್ಕೆ 55 ಮಿ.ಲೀ., ರಾತ್ರಿಯೂ ಸೇರಿ ಹನ್ನೆರಡು ಸಲ. ಚರ್ಮ ಸುಕ್ಕಾಗಿದೆ ಎಂದು ಅವಸರದಲ್ಲಿ ಡ್ರಿಪ್ ಏರಿಸಿದರೆ ಕೆಟ್ಟಿತು. ಈ ಮಕ್ಕಳ ಚರ್ಮ ಹೇಗೂ ಸುಕ್ಕೇ. ನೀರು ಶ್ವಾಸಕೋಶಕ್ಕೆ ತುಂಬುತ್ತದೆ. ಸೋಂಕಿದ್ದರೂ ಜ್ವರ ಬರುವುದಿಲ್ಲ, ಜ್ವರ ಬರಿಸುವ ಶಕ್ತಿಯೇ ದೇಹಕ್ಕಿರುವುದಿಲ್ಲ. ಇದಕ್ಕೆಲ್ಲ ಕುದಿಸಿದ ನೀರು ಬೇಕು, ಬೆಚ್ಚಗಿನ ಕೋಣೆ ಬೇಕು, ರಾತ್ರಿಯಿಡೀ ಎದ್ದಿರುವ ನರ್ಸು ಬೇಕು. ಅಂದರೆ ಕರೆಂಟು ಬೇಕು, ಡೀಸೆಲ್ಲು ಬೇಕು.

ಲಾರಿ ಬಿಡುತ್ತಿದ್ದೇವಲ್ಲ ಎನ್ನುತ್ತದೆ ಇಸ್ರೇಲ್. ಗಡಿಯೊಳಗೆ ಬಂದು ನಿಂತ ಸಾಮಾನನ್ನು ವಿಶ್ವಸಂಸ್ಥೆಯೇ ಎತ್ತುತ್ತಿಲ್ಲ ಎನ್ನುತ್ತದೆ. ಎತ್ತಲು ಹೊರಟರೆ ದಾರಿಗೆ ಅನುಮತಿ ಸಿಗುವುದಿಲ್ಲ ಎನ್ನುತ್ತದೆ ವಿಶ್ವಸಂಸ್ಥೆ. ಯುದ್ಧಕ್ಕೆ ಮುಂಚೆ ಕೆಲಸದ ದಿನ ಸುಮಾರು 500 ಲಾರಿ ಹೋಗುತ್ತಿದ್ದವು. 2025ರ ಮಾರ್ಚ್ 2ರಿಂದ ಮೇ 19ರ ತನಕ ಒಂದೂ ಇಲ್ಲ. ಗಡಿದ್ವಾರವಾದ ಕೆರೆಮ್ ಶಾಲೋಮ್‌ನಲ್ಲಿ ಒಂದು ಲಾರಿಯಿಂದ ಇಳಿಸಿ, ತಪಾಸಣೆ ಮಾಡಿ, ಇನ್ನೊಂದಕ್ಕೆ ತುಂಬಿ, ಒಡೆದ ರಸ್ತೆಯಲ್ಲಿ ಹೊರಟರೆ ದಾರಿಯಲ್ಲೇ ಜನ ಮುಗಿಬಿದ್ದು ಖಾಲಿ ಮಾಡುತ್ತಿದ್ದರು. 25 ಕಿಲೋ ಹಿಟ್ಟಿನ ಚೀಲ ಕಿತ್ತುಕೊಂಡು ಓಡಬಲ್ಲವನು ಯಾರು? ಗಟ್ಟಿಮುಟ್ಟಾದ ಹುಡುಗ. ಎಂಟು ತಿಂಗಳ ಕೂಸನ್ನು ಎತ್ತಿಕೊಂಡ ಬಾಣಂತಿ ಅಲ್ಲ. ಅಮೆರಿಕ, ಇಸ್ರೇಲ್ ಬೆಂಬಲದ ಆಹಾರ ವಿತರಣಾ ಸಂಸ್ಥೆಯೊಂದು ಮೇ ಕೊನೆಗೆ ತೆರೆದ ಜಿಎಚ್‌ಎಫ್ ಕೇಂದ್ರಗಳು ನಾಲ್ಕು, ಗಾಜಾದ ಉತ್ತರದಲ್ಲಿ ಒಂದೂ ಇರಲಿಲ್ಲ. ಮೊದಲಿದ್ದ ವಿತರಣಾ ಜಾಗಗಳು ಸುಮಾರು 400. ಈ ನಾಲ್ಕಕ್ಕೆ ನಡೆದುಕೊಂಡು ಹೋಗಿ ಗುಂಡಿಗೆ ಬಲಿಯಾದವರು ನೂರಾರು ಮಂದಿ.

ಜಗತ್ತು ಇಬ್ಭಾಗವಾದದ್ದು ಈ ವಾರವಂತೂ ಸಮವಾಗಿ ಅಲ್ಲ. ಆಗಸ್ಟ್ 27ರ ಬುಧವಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಹದಿನೈದರಲ್ಲಿ ಹದಿನಾಲ್ಕು ದೇಶಗಳು ಇದು ಮನುಷ್ಯರೇ ತಂದ ಕ್ಷಾಮ ಎಂದವು, ಕದನವಿರಾಮವನ್ನೂ ಒತ್ತೆಯಾಳುಗಳ ಬಿಡುಗಡೆಯನ್ನೂ ಕೇಳಿದವು. ಹೊರಗುಳಿದದ್ದು ಅಮೆರಿಕ ಒಂದೇ. ಗಾಜಾದಲ್ಲಿ ಹಸಿವಿದೆ ಎಂದು ಒಪ್ಪಿದ ಅದರ ಪ್ರತಿನಿಧಿ, ವರದಿಯನ್ನು ನಂಬಲಾಗದು ಎಂದರು. ಅದೇ ದಿನ ಇಸ್ರೇಲ್ ವರದಿಯನ್ನು ಹಿಂಪಡೆಯಿರಿ ಎಂದಿತು. ಭಾರತ ಮಂಡಳಿಯಲ್ಲಿ ಇಲ್ಲ. ಆದರೆ 2025ರ ಜೂನ್ 12ರಂದು ಮಹಾಸಭೆಯಲ್ಲಿ 149 ದೇಶಗಳು ಕದನವಿರಾಮದ ಪರ, 12 ವಿರುದ್ಧ ನಿಂತಾಗ, ಮತ ಹಾಕದೆ ಕುಳಿತ 19ರಲ್ಲಿ ನಾವೂ ಇದ್ದೆವು. 2023ರ ಡಿಸೆಂಬರ್ 12ರಂದು ಇದೇ ಬೇಡಿಕೆಗೆ ಹೌದು ಎಂದು ಒತ್ತಿದ್ದವರು ನಾವೇ. ನಡುವೆ ಹದಿನೆಂಟು ತಿಂಗಳಲ್ಲಿ ಮಕ್ಕಳ ತೋಳು ದಪ್ಪವಾಗಿರಲಿಲ್ಲ.

ನಮ್ಮಲ್ಲಿನ ಒಡಕನ್ನು ಅರ್ಥ ಮಾಡಿಕೊಳ್ಳಬಲ್ಲೆ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಮಗ, ಸೊಸೆ ಇಸ್ರೇಲಿನಲ್ಲಿ ವೃದ್ಧರ ಆರೈಕೆಗೆ ಇದ್ದಾರೆ. ಸೈರನ್ ಕೂಗಿದ ರಾತ್ರಿ ಅವರ ಮನೆಯವರಿಗೂ ನಿದ್ದೆಯಿಲ್ಲ. 2023ರ ಅಕ್ಟೋಬರ್ 7ರಂದು ಸುಮಾರು 1,200 ಮಂದಿಯನ್ನು ಕೊಂದು 251 ಮಂದಿಯನ್ನು ಎಳೆದೊಯ್ದದ್ದನ್ನು ಅವರು ಮರೆಯಬೇಕೆಂದು ಯಾರೂ ಹೇಳಬಾರದು. ಆಗಸ್ಟ್ ಮೊದಲಲ್ಲಿ ಹಮಾಸ್ ಹೊರಬಿಟ್ಟ ವಿಡಿಯೊದಲ್ಲಿ, ಸುರಂಗದೊಳಗೆ ಎಲುಬಿನ ಹಂದರವಾದ ಒತ್ತೆಯಾಳು ತನ್ನ ಗುಂಡಿ ತಾನೇ ತೋಡುತ್ತಿದ್ದೇನೆ ಎನ್ನುತ್ತಾನೆ. ಅವನ ದೇಹಕ್ಕೂ ಒಮ್ಮೆಲೇ ಊಟ ಕೊಟ್ಟರೆ ಅದೇ ಫಾಸ್ಫೇಟು ಕುಸಿಯುತ್ತದೆ. ಒಂದು ಗುಂಪು ಈ ವಿಡಿಯೊ ಮಾತ್ರ ಕಳಿಸಿತು, ಇನ್ನೊಂದು ಗುಂಪು ಆ ವಿಡಿಯೊ ಮಾತ್ರ. ಎರಡನ್ನೂ ಕಳಿಸಿದವರು ನನಗೆ ಸಿಕ್ಕಿದ್ದು ಒಬ್ಬರೇ, ಅವರು ನಿವೃತ್ತ ಮಕ್ಕಳ ವೈದ್ಯರು. ಜೊತೆಗೆ ಒಂದು ಪದವನ್ನೂ ಬರೆದಿರಲಿಲ್ಲ.

ನಿನ್ನೆ ರಾತ್ರಿ ಮತ್ತೆ ನೋಡಿದಾಗ ಕೊನೆಯ ಮೂರು ಸೆಕೆಂಡು ಕಣ್ಣಿಗೆ ಬಿತ್ತು. ಕಾರ್ಯಕರ್ತೆ ಪಟ್ಟಿ ಬಿಚ್ಚಿ, ಒರೆಸಿ, ಕಾರ್ಡಿನಲ್ಲಿ ಏನೋ ಬರೆಯುತ್ತಾಳೆ. ಮೊದಲ ಸಾಲು ಅಳತೆ. ಎರಡನೆಯದು, ಎಲ್ಲ ಕಾರ್ಡುಗಳಲ್ಲೂ ಇರುವಂತೆ, ಮುಂದಿನ ಭೇಟಿಯ ದಿನಾಂಕ. ವಾರಕ್ಕೊಮ್ಮೆ ಬರಬೇಕು, ಸತತ ಎರಡು ಭೇಟಿಗಳಲ್ಲಿ 12.5 ದಾಟಿದರೆ ಮಾತ್ರ ಹೆಸರು ಹೊಡೆಯುವುದು. ಶುಕ್ರವಾರ, ಆಗಸ್ಟ್ 29ರಂದು, ಇಸ್ರೇಲ್ ಸೇನೆ ಗಾಜಾ ನಗರವನ್ನು ಅಪಾಯಕಾರಿ ಯುದ್ಧವಲಯ ಎಂದು ಘೋಷಿಸಿ ನೆರವು ಸಾಗಲೆಂದು ಕೊಡುತ್ತಿದ್ದ ಹಗಲಿನ ದಾಳಿ-ವಿರಾಮಗಳನ್ನು ನಿಲ್ಲಿಸಿತು. ಕಾರ್ಡನ್ನು ಎರಡಾಗಿ ಮಡಚಿ ತಾಯಿ ಕುಪ್ಪಸದೊಳಗೆ ಇಟ್ಟುಕೊಳ್ಳುತ್ತಾಳೆ.