ಒಂದು ಪಂಕ್ತಿಗೆ ಎಷ್ಟು ಜನ ಕೂತ್ಕೋತಾರೆ?

ರಿಸೆಪ್ಷನ್‌ಗೆ ಡಿಜೆ ಬುಕ್ ಮಾಡೋಕೆ ಫೋನ್ ಮಾಡೋರು ಮೊದ್ಲು ಕೇಳೋದು ಎಷ್ಟು ಬಾಸ್ ತರ್ತೀರಾ, ಲೈಟ್ ಎಷ್ಟು, ಹೊಗೆ ಮಿಷಿನ್ ಇದ್ಯಾ ಅಂತ. ನಾನು ವಾಪಸ್ ಕೇಳೋದು ಒಂದೇ, ಊಟದ ಹಾಲ್‌ನಲ್ಲಿ ಒಂದು ಪಂಕ್ತಿಗೆ ಎಷ್ಟು ಜನ ಕೂತ್ಕೋತಾರೆ. ಡಿಜೆಗೂ ಊಟಕ್ಕೂ ಏನ್ರೀ ಸಂಬಂಧ ಅಂತಾರೆ. ಹಾಸನದಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡ್ತಾ ಇದೀನಿ, ನಮ್ಮ ಕಡೆ ಆರತಕ್ಷತೆ ನಡೆಯೋದೇ ಪಂಕ್ತಿ ಲೆಕ್ಕದಲ್ಲಿ ಕಣ್ರೀ.

ನೀವೇ ಲೆಕ್ಕ ಹಾಕಿ. 600 ಜನ ಬರ್ತಾರೆ ಅಂದ್ಕೊಳ್ಳಿ, ನಾಲ್ಕು ನಾಲ್ಕು ಜನ ಒಟ್ಟಿಗೆ ಸ್ಟೇಜ್ ಹತ್ತಿದ್ರೂ 150 ಗುಂಪು ಆಯ್ತು, ಮುಯ್ಯಿ ಕವರ್ ಕೊಟ್ಟು, ಎರಡು ಮಾತಾಡಿ, ಫೋಟೋಗೆ ನಿಂತು ಇಳಿಯೋಕೆ ಒಂದೊಂದು ಗುಂಪಿಗೆ 40 ಸೆಕೆಂಡ್ ಅಂದ್ರೂ 100 ನಿಮಿಷ. ಕಾರ್ಡ್‌ನಲ್ಲಿ 7 ಗಂಟೆ ಅಂತಿರತ್ತೆ, ಮೇಕಪ್ ಮುಗಿಸಿ ಹುಡುಗಿ ಸ್ಟೇಜ್‌ಗೆ ಬರೋದು ಏಳೂವರೆ. ಅಲ್ಲಿಗೆ 9 ದಾಟ್ತು. ಆ ಕಡೆ ಊಟದ ಹಾಲ್‌ನಲ್ಲಿ 200 ಎಲೆ, ಒಂದು ಪಂಕ್ತಿ ಎದ್ದು ಎಲೆ ತೆಗೆದು ಟೇಬಲ್ ಒರೆಸಿ ಇನ್ನೊಂದು ಕೂರಿಸೋಕೆ 35-40 ನಿಮಿಷ ಬೇಕೇ ಬೇಕು. ಇನ್ನು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕ ಹಾಕೋ ಹಾಗಿಲ್ಲ. ಪೂರ್ತಿ ಮುಚ್ಚಿದ ಹಾಲ್ ಒಳಗೆ ವಿನಾಯ್ತಿ ಇದೆ ನಿಜ, ಆದ್ರೆ ನಮ್ಮ ಛತ್ರಗಳಲ್ಲಿ ಕಿಟಕಿ ಬಾಗಿಲು ಯಾವತ್ತೂ ತೆಗೆದೇ ಇರತ್ತೆ, ಚಿಕ್ಕಮಗಳೂರು ಕಡೆ ಎಸ್ಟೇಟ್ ಲಾನ್‌ನಲ್ಲಂತೂ ಗೋಡೆನೇ ಇರಲ್ಲ. ಹಂಗಾಗಿ ಕುಣಿಯೋಕೆ ನಿಜವಾಗ್ಲೂ ಸಿಗೋದು ಕೊನೇ 40 ನಿಮಿಷ. ಅದಕ್ಕೆ ಮುಂಚಿನ ಎರಡು ಗಂಟೆ ಏನು ಮಾಡ್ತೀವಿ ಅನ್ನೋದೇ ನಮ್ಮ ಅಸಲಿ ಕೆಲಸ.

ಈ ಬುದ್ಧಿ ನನಗೆ ಬಂದಿದ್ದು ಒಂದು ತಪ್ಪು ಮಾಡಿ. ಶುರು ಮಾಡಿದ ಎರಡನೇ ವರ್ಷ, ಊರಾಚೆ ಒಂದು ಛತ್ರ, 8 ಗಂಟೆ ಹೊತ್ತಿಗೆ ನನ್ನ ಮುಂದಿನ ಕುರ್ಚಿ ಅರ್ಧಕ್ಕರ್ಧ ಖಾಲಿ. ಜನಕ್ಕೆ ಬೇಜಾರಾಗಿ ಎದ್ದು ಹೋದ್ರೇನೋ ಅಂತ ಗಾಬರಿಯಾಗಿ ಒಂದು ಜೋರು ತಮಟೆ ಬೀಟ್ ಹಾಡು ಬಿಟ್ಟೆ, ಎರಡೇ ನಿಮಿಷಕ್ಕೆ ಹುಡುಗರೆಲ್ಲ ಓಡಿ ಬಂದು ಕುಣಿಯೋಕೆ ಶುರು, ನನಗೋ ಖುಷಿ. ಆಮೇಲೆ ಅಡುಗೆ ಭಟ್ರು ಕೈಯಲ್ಲಿ ತುಪ್ಪದ ಗಿಂಡಿ ಹಿಡ್ಕೊಂಡೇ ನನ್ನ ಟೇಬಲ್ ಹತ್ರ ಬಂದ್ರು. ಬೈಲಿಲ್ಲ. "ತಮ್ಮಾ, ಒಬ್ಬಟ್ಟು ಬಡಿಸಿ ಆಗಿದೆ, ಎಲೆ ಮುಂದೆ ಜನ ಇಲ್ಲ" ಅಂದ್ರು ಅಷ್ಟೇ. ಹೋಗಿ ನೋಡ್ತೀನಿ, ಸಾಲಾಗಿ ಮೂವತ್ತು ನಲವತ್ತು ಎಲೆ, ಅರ್ಧ ಮುರಿದ ಒಬ್ಬಟ್ಟು, ಮುಟ್ಟದೇ ಇರೋ ಪಲಾವ್, ಪಕ್ಕದಲ್ಲಿ ವಯಸ್ಸಾದೋರು ಕೈ ಒಣಗಿಸ್ಕೊಂಡು ಕೂತಿದಾರೆ, ಪಂಕ್ತಿ ಮಧ್ಯ ಎದ್ದು ಹೋಗೋದು ಹೆಂಗೆ ಅಂತ. ಎಲೆ ಎತ್ತೋ ಹಾಗೂ ಇಲ್ಲ, ಮುಂದಿನ ಪಂಕ್ತಿ ಕೂರಿಸೋ ಹಾಗೂ ಇಲ್ಲ. ಊಟಕ್ಕೆ ನಿಂತ ಜನ ಹಿಂದೆ ಹಿಂದೆ ಸೇರಿ ಸ್ಟೇಜ್ ಕ್ಯೂ ತನಕ ಬಂದ್ಬಿಟ್ರು. ಕುರ್ಚಿ ಖಾಲಿ ಇದ್ದಿದ್ದು ಜನ ಊಟಕ್ಕೆ ಹೋಗಿದ್ರಿಂದ, ಅದು ಸರಿಯಾಗೇ ನಡೀತಿತ್ತು, ನಾನೇ ಮಧ್ಯ ಕೈ ಹಾಕಿದ್ದೆ.

ಅವತ್ತಿಂದ ನನ್ನ ಟೇಬಲ್ ಹಾಕೋದೇ ಊಟದ ಹಾಲ್ ಬಾಗಿಲು ಕಾಣೋ ಜಾಗದಲ್ಲಿ.

ಮೊದಲ ಒಂದು ಗಂಟೆ ಹಾಡುಗಾರಿಕೆನೇ ಬೇಡ ಅನ್ಸತ್ತೆ ನನಗೆ, ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನ್ ಥರದ್ದು, ಇಲ್ಲಾಂದ್ರೆ ವೀಣೆ, ಕೊಳಲು. ವಾಲ್ಯೂಮ್ ಎಷ್ಟಿರಬೇಕು ಅನ್ನೋದಕ್ಕೆ ಮೀಟರ್ ನೋಡಲ್ಲ, ಮೂರನೇ ಸಾಲಲ್ಲಿ ಹೋಗಿ ಕೂತು ನಮ್ಮ ಹುಡುಗನ ಹತ್ರ ಮೆಲ್ಲಗೆ ಮಾತಾಡ್ತೀನಿ, ಅವನು ಕಿವಿ ಹತ್ರ ತಂದ್ರೆ ಇಳಿಸ್ತೀನಿ. ಯಾಕಂದ್ರೆ ಒಂದ್ಸಲ ಮುಂದಿನ ಸಾಲಲ್ಲಿ ಒಬ್ರು ಅಜ್ಜಿ, ಬೇಲೂರು ಕಡೆಯಿಂದ ಬಂದಿದ್ದ ತಂಗಿ ಎಷ್ಟೋ ವರ್ಷಕ್ಕೆ ಸಿಕ್ಕಿದಾರೆ, ಇಬ್ರೂ ಕೈ ಕೈ ಹಿಡ್ಕೊಂಡು ಒಬ್ರ ಬಾಯಿ ಒಬ್ರು ನೋಡ್ತಾ ಕೂತಿದ್ರು, ಏನೂ ಕೇಳಿಸ್ತಿಲ್ಲ ಇಬ್ರಿಗೂ. ಆ ಮುಖಗಳು ಈಗ್ಲೂ ಕಣ್ಮುಂದೆ ಇವೆ. ನೆಂಟರು ಬರೋದೇ ಮಾತಾಡೋಕೆ ಅಲ್ವಾ. ಇನ್ನು ಬಾಸ್, 50 ಹರ್ಟ್ಸ್ ಸದ್ದಿನ ಒಂದು ಅಲೆ ಹತ್ರ ಹತ್ರ 7 ಮೀಟರ್ ಉದ್ದ, ಅದು ಪರದೆ ಗೋಡೆ ಯಾವುದಕ್ಕೂ ಅಷ್ಟು ಸುಲಭಕ್ಕೆ ನಿಲ್ಲಲ್ಲ, ಮುಂದೆ ಕೂತೋರ ಎದೆಗೂ ಬಡಿಯತ್ತೆ ಪಕ್ಕದ ಮನೆ ಮಗುನೂ ಎಬ್ಬಿಸತ್ತೆ, ಅದಕ್ಕೆ 9 ಗಂಟೆ ತನಕ ಬಾಸ್ ಬಾಕ್ಸ್ ಆಫ್ ಮಾಡೇ ಇಡೋದು. ಸ್ಪೀಕರ್‌ನ ತಲೆಗಿಂತ ಮೇಲಕ್ಕೆ ಸ್ಟ್ಯಾಂಡ್ ಮೇಲೆ ಎತ್ತಿ ಇಡೋದು.

ಎರಡನೇ ಪಂಕ್ತಿ ಎದ್ದು ಬರೋ ಹೊತ್ತಿಗೆ ಹಾಡು ಶುರು, ರಾಜನ್-ನಾಗೇಂದ್ರ ಟ್ಯೂನ್‌ಗಳು, ಅಣ್ಣಾವ್ರ ಹಾಡು. ಊಟ ಆದೋರು ಎಲೆ ಅಡಿಕೆ ಹಾಕ್ಕೊಂಡು ಕುರ್ಚಿಗೆ ವಾಪಸ್ ಬಂದು ಕೂರ್ತಾರೆ, ಕಾಲಲ್ಲಿ ತಾಳ ಹಾಕ್ತಾರೆ, ನಾನು ನೋಡೋದು ಆ ಕಾಲುಗಳನ್ನೇ. ಕ್ಯೂನಲ್ಲಿ ಹತ್ತು ಗುಂಪು ಉಳಿದಾಗ ಫೋಟೋಗ್ರಾಫರ್ ನನಗೆ ಕೈ ಎತ್ತಿ ತೋರಿಸ್ತಾರೆ, ಇದು ಮೊದ್ಲೇ ಮಾತಾಡ್ಕೊಂಡಿರ್ತೀವಿ.

ಆಮೇಲಿಂದು ಡ್ಯಾನ್ಸ್. ಇಲ್ಲಿ ತುಂಬಾ ಜನ ಡಿಜೆಗಳು ಮೊದಲನೇ ಹಾಡೇ ನಿಮಿಷಕ್ಕೆ 130 ಬೀಟ್‌ದು ಹಾಕ್ತಾರೆ, ಹುಡುಗರು ನುಗ್ತಾರೆ, ಆಮೇಲೆ ಹೆಂಗಸರು ಯಾರೂ ಬರಲ್ಲ, ಬಂದ್ರೂ ಅಂಚಲ್ಲಿ ನಿಂತು ಮೊಬೈಲ್ ಹಿಡೀತಾರೆ. ನಾನು 95ರ ಹತ್ರದ ಹಾಡಿಂದ ಹಿಡ್ಕೋತೀನಿ, ಚಪ್ಪಾಳೆ ತಟ್ಕೊಂಡು ಹೆಜ್ಜೆ ಹಾಕೋ ಅಂಥದ್ದು, ಹುಡುಗನ ಅತ್ತೆ ಚಿಕ್ಕಮ್ಮಂದಿರ್ನ ಮೊದ್ಲು ಮೈಕಲ್ಲಿ ಕರೀತೀನಿ. ಮನೆ ಹೆಂಗಸರು ಒಂದ್ಸಲ ಜಾಗ ಮಾಡ್ಕೊಂಡ್ರೆ ಆ ಜಾಗ ಕೊನೇ ತನಕ ಅವರದ್ದೇ, ಹುಡುಗರೂ ಅಕ್ಕ ಅಮ್ಮ ಇದಾರೆ ಅಂತ ನೀಟಾಗಿ ಕುಣೀತಾರೆ. ಅಲ್ಲಿಂದ 105, 115, ಕೊನೇ ಹದಿನೈದು ನಿಮಿಷ ತಮಟೆ. ಸಕಲೇಶಪುರ ಕಡೆಯೋರ ಮದುವೆ ಆದ್ರೆ ವಾಲಗದ ತಾಳ ಇಲ್ದೆ ಮುಗಿಯಲ್ಲ, ಅದಕ್ಕೆ ಎಪ್ಪತ್ತು ದಾಟಿದ ಅಜ್ಜಂದಿರೂ ಕುರ್ಚಿ ಬಿಟ್ಟು ಏಳ್ತಾರೆ, ಅದನ್ನ ಮಾತ್ರ ಅರ್ಧಕ್ಕೆ ಕಟ್ ಮಾಡಬಾರದು.

9:55ಕ್ಕೆ ನಿಲ್ಲಿಸ್ತೀನಿ. ಇನ್ನೊಂದು ಹಾಡು ಅಣ್ಣ ಅಂತ ಹತ್ತು ಜನ ಬರ್ತಾರೆ, ಬೇಜಾರ್ ಮಾಡ್ಕೋತಾರೆ, ಆದ್ರೆ ಬೆಳಗ್ಗೆ ಮುಹೂರ್ತ ಇರತ್ತೆ, ಹುಡುಗಿನ ನಾಲ್ಕು ಗಂಟೆಗೆ ಎಬ್ಬಿಸ್ತಾರೆ. ಮತ್ತೆ ಕೊನೇ ಪಂಕ್ತಿ ಇನ್ನೂ ಬಾಕಿ ಇರತ್ತೆ, ಹುಡುಗ ಹುಡುಗಿ, ಎರಡೂ ಕಡೆ ಅಪ್ಪ ಅಮ್ಮ, ಬಡಿಸೋಕೆ ಓಡಾಡಿದೋರು. ಅಲ್ಲಿಗೆ ಸದ್ದೇ ಬೇಡ. ನಾನೂ ಫೋಟೋಗ್ರಾಫರೂ ಅದೇ ಸಾಲಿನ ತುದೀಲಿ ಕೂತ್ಕೋತೀವಿ.

ನಿಮ್ಮ ಮನೇಲಿ ಮದುವೆ ಇದ್ರೆ, ಯಾರನ್ನೇ ಕರೆಸಿ, ಹಾಡಿನ ಲಿಸ್ಟ್ ಕೊಡೋಕೆ ಮುಂಚೆ ಡಿಜೆಗೆ ಅಡುಗೆಯೋರ ನಂಬರ್ ಕೊಡಿ.