ಅರ್ಕಾವತ್ತು ಕೊನೆಗೂ ತನ್ನ ಜಾಗಕ್ಕೆ ಬಂತು

‘ನುಡಿ’ ಎಂಬ ಕನ್ನಡ ಬರೆಯುವ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿರುವ ಕಡತಗಳನ್ನು ಎನ್‌ವಿಡಿಎ (ದೃಷ್ಟಿಹೀನರಿಗೆ ಪರದೆಯನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ) ಓದುವಂತೆ ಮಾಡುವ ನಮ್ಮ ಆಡ್-ಆನ್, ಅಂದರೆ ಅದಕ್ಕೆ ಸೇರಿಸುವ ಪುಟ್ಟ ತಂತ್ರಾಂಶ, ಈ ವಾರ ‘ಸಾಮರ್ಥ್ಯ’ ಎಂಬ ಪದವನ್ನು ಸರಿಯಾಗಿ ಉಚ್ಚರಿಸಿತು. ಹಳೆಯ ಕಡತಗಳನ್ನು ಈಗಿನ ಸಾರ್ವತ್ರಿಕ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ತಂದು ಬೇಸತ್ತವರಿಗೆ ಈ ಸಂಭ್ರಮ ಅರ್ಥವಾದೀತು.

ಹಳೆಯ ಫಾಂಟ್ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಿರುತ್ತದೆ; ಅವನ್ನು ಒಂದೊಂದಾಗಿ ಯೂನಿಕೋಡ್ ಅಕ್ಷರಕ್ಕೆ ಹೊಂದಿಸುವ ಪಟ್ಟಿ ಕಷ್ಟದ್ದಲ್ಲ. ತಲೆ ತಿಂದದ್ದು ಅರ್ಕಾವತ್ತು, ಅಂದರೆ ‘ರ್’ ಅನ್ನು ಅಕ್ಷರದ ಬಲಕ್ಕೆ ಬರೆಯುವ ಚಿಹ್ನೆ. ಹಳೆಯ ಫಾಂಟ್‌ನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲೇ ಬರಬೇಕು. ಇದ್ದಲ್ಲೇ ಬಿಟ್ಟರೆ ಕರ್ನಾಟಕವು ‘ಕನಾರ್ಟಕ’. ಒಂದೇ ವ್ಯಂಜನದಷ್ಟು ಹಿಂದಕ್ಕೆ ಸರಿಸಿದರೆ ಸಾಮರ್ಥ್ಯವು ‘ಸಾಮಥ್ರ್ಯ’. ಸಾಲದ್ದಕ್ಕೆ, ಕೆಲವು ಬೆರಳಚ್ಚುಗಾರರು ಯ-ಒತ್ತಿನ ನಂತರ ಅರ್ಕಾವತ್ತು ಹಾಕಿದ್ದಾರೆ, ಕೆಲವರು ಮೊದಲು. ಈಗ ಒತ್ತುಗಳನ್ನೆಲ್ಲ ಮೊದಲು ಜೋಡಿಸಿ, ಆಮೇಲೆ ‘ರ್’ ಅನ್ನು ಇಡೀ ಸಂಯುಕ್ತಾಕ್ಷರದ ಹಿಂದಕ್ಕೆ ದಾಟಿಸುತ್ತೇವೆ.

‘ನಾವು’ ಎಂದೆನಲ್ಲ, ಇದರ ಅರ್ಧ ವಿನ್ಯಾಸ ದೃಷ್ಟಿಹೀನ ಗೆಳತಿಯೊಬ್ಬಳದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. “ಕನಾರ್ಟಕ ಎಂದರೆ ನಾನೂ ಊಹಿಸಿಕೊಳ್ಳುತ್ತೇನೆ. ಕೇಳರಿಯದ ಹೆಸರು ಬಂದರೆ? ಶರ್ಮಾ ಎನ್ನುವವರನ್ನು ಶಮಾರ್ ಎಂದೇ ಕಲಿತುಬಿಡುತ್ತೇನೆ” ಎಂದಳು. ಸಂದೇಹವಿರುವ ಪದಗಳಿಗೆ ಕೆಂಪು ಬಣ್ಣ ಬಳಿಯುವ ಪರಿವರ್ತಕಗಳು ಅವಳಿಗೆ ಏನನ್ನೂ ಹೇಳುವುದಿಲ್ಲ. ಅವಳು ಕೇಳಿದ್ದು ಪದಕ್ಕೆ ಮುಂಚೆ ಒಂದು ಸಣ್ಣ ‘ಟಿಕ್’, ಬೇಕೆನಿಸಿದರೆ ಅಕ್ಷರ ಬಿಡಿಸಿ ಹೇಳುವ ಒಂದು ಕೀಲಿ. ಪರದೆಯ ಮೇಲೆ ಕಿಟಕಿ, ಗುಂಡಿ ಯಾವುದೂ ಬೇಡ. ಮೂಲ ಕಡತವನ್ನು ಮುಟ್ಟಲೂ ಬಾರದು.

ಒಂದೇ ಸಾಲಿನಲ್ಲಿ ಇಂಗ್ಲಿಷ್ ಬೆರೆತಾಗ ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡ ಎಂಬ ಗೊಂದಲಕ್ಕೂ ದಾರಿ ಅವಳದೇ. ಎನ್‌ವಿಡಿಎ ಕೀಲಿಯ ಜೊತೆ ಎಫ್ ಒತ್ತಿ ಫಾಂಟ್‌ನ ಹೆಸರು ಕೇಳಿಸಿಕೊಳ್ಳುವುದು ಅವಳ ಹಳೆಯ ಅಭ್ಯಾಸ. ಆಡ್-ಆನ್ ಕೂಡ ಈಗ ಅದನ್ನೇ ಮಾಡುತ್ತದೆ: ಫಾಂಟ್ ‘ನುಡಿ’ಯದ್ದಾಗಿದ್ದರೆ ಮಾತ್ರ ಪರಿವರ್ತನೆ. ಫಾಂಟ್‌ನ ಹೆಸರೇ ಉಳಿಯದ ಸರಳ ಪಠ್ಯದ ಕಡತಗಳು ಇನ್ನೂ ಬಗೆಹರಿದಿಲ್ಲ.

ಪರದೆಯ ಪಠ್ಯವನ್ನು ಬೆರಳಿಗೆ ತಾಗುವ ಚುಕ್ಕಿಗಳಾಗಿ ಎಬ್ಬಿಸುವ ಬ್ರೈಲ್ ಡಿಸ್‌ಪ್ಲೇಯಲ್ಲೂ ಪರೀಕ್ಷಿಸಬೇಕಿತ್ತು. ತರಿಸಿಕೊಡುತ್ತೇನೆಂದ ಮಾರಾಟಗಾರರು ಮುಂಗಡ ಪಡೆದ ಮೇಲೆ ಫೋನೇ ಎತ್ತುತ್ತಿಲ್ಲ. ದುಡಿದ ದುಡ್ಡು, ಕೋಪ ಬರುತ್ತದೆ.

ಅಷ್ಟರಲ್ಲಿ ಅವಳ ತಲೆಯಲ್ಲಿ ಮುಂದಿನ ಕೆಲಸ ಓಡುತ್ತಿದೆ: ಸಾಮಾನ್ಯ ಕೀಲಿಮಣೆಯ ಎಫ್, ಡಿ, ಎಸ್, ಜೆ, ಕೆ, ಎಲ್ ಕೀಲಿಗಳನ್ನೇ ಬ್ರೈಲ್‌ನ ಆರು ಚುಕ್ಕಿಗಳಾಗಿಸಿ, ಭಾರತೀಯ ಭಾಷೆಗಳ ಬ್ರೈಲ್ ಪದ್ಧತಿಯಾದ ಭಾರತಿ ಬ್ರೈಲ್‌ನಲ್ಲಿ ಕನ್ನಡ ಟೈಪಿಸುವುದು. ಅಲ್ಲಿ ಅರ್ಧಾಕ್ಷರದ ನಾಲ್ಕನೇ ಚುಕ್ಕಿ ವ್ಯಂಜನಕ್ಕಿಂತ ಮೊದಲು ಬರುತ್ತದೆ, ಯೂನಿಕೋಡ್‌ನಲ್ಲಿ ಅದೇ ಕೆಲಸದ ಹಲಂತ (‘್’ ಚಿಹ್ನೆ) ಆಮೇಲೆ. ಮತ್ತೆ ಹಿಂದುಮುಂದಿನ ಲೆಕ್ಕ. ಭಾನುವಾರ ಶುರು ಮಾಡುತ್ತೇವೆ.