ಒಂದು ಹರಿದರೆ ಎರಡು

ಮೊದಲ ದಿನ ನಮ್ಮ ಕ್ಲಾಸಿನ ಕಸದ ಬುಟ್ಟಿ 640 ಗ್ರಾಂ ತೂಗಿತು. ಎರಡನೇ ದಿನ 910. ಖುಷಿಯಿಂದ ಚಾರ್ಟ್ ಮೇಲೆ ಉದ್ದದ ಕಂಬ ಎಳೆದೆ. ಆಮೇಲೆ ಬುಟ್ಟಿ ಮಗುಚಿ ನೋಡಿದರೆ ಅಡಿಯಲ್ಲಿ ಎರಡು ಬಾಳೆಹಣ್ಣಿನ ಸಿಪ್ಪೆ, ಅರ್ಧ ಚಪಾತಿ, ಯಾರೋ ಚೆಲ್ಲಿದ ನೀರು ಕುಡಿದು ಉಬ್ಬಿದ ಒಂದು ಕಟ್ಟು ಹಾಳೆ. ನಾನು ತೂಗಿದ್ದು ಪೇಪರ್ ಅಲ್ಲ, ಊಟದ ಬೆಲ್ಲು.

ನಾನು ಒಂಬತ್ತನೇ ಕ್ಲಾಸು. ಶಾಲೆ ಇರೋದು ದಾವಣಗೆರೆಯಲ್ಲಿ, ಅದಕ್ಕಿಂತ ಜಾಸ್ತಿ ಹೇಳಲ್ಲ. ಇಕೋ ಕ್ಲಬ್ಬಿಗೆ ಒಂದು ಪ್ರಾಜೆಕ್ಟ್ ಬೇಕು ಅಂತ ಮೇಡಂ ಕೇಳಿದಾಗ, ಕ್ಲಾಸಿನಲ್ಲಿ ಎಷ್ಟು ಪೇಪರ್ ವೇಸ್ಟ್ ಆಗುತ್ತೆ ಲೆಕ್ಕ ಹಾಕ್ತೀನಿ ಅಂತ ಕೈ ಎತ್ತಿದ್ದು ನಾನೇ. ಮನೆಗೆ ಬಂದು ಹೇಳಿದರೆ ಅಪ್ಪಾಜಿ ನಕ್ಕರು. ಅವರದು ಜೆರಾಕ್ಸ್ ಅಂಗಡಿ. "ಪೇಪರ್ ಉಳಿಸಿ ನಮ್ಮ ಹೊಟ್ಟೆ ಮೇಲೆ ಹೊಡೀತೀಯೇನಮ್ಮ?" ಅಂದರು. ಆದರೂ ಮೊದಲ ಪಾಠ ಹೇಳಿಕೊಟ್ಟಿದ್ದು ಅವರೇ.

ಪೇಪರ್ ಬಂಡಲ್ ಮೇಲೆ 70 ಜಿಎಸ್‌ಎಂ, 75 ಜಿಎಸ್‌ಎಂ ಅಂತ ಬರೆದಿರುತ್ತಲ್ಲ, ಅದು ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ. ಎ0 ಅನ್ನೋ ದೊಡ್ಡ ಹಾಳೆ ಒಂದು ಚದರ ಮೀಟರ್ ಇರುತ್ತೆ. ಅದನ್ನು ನಾಲ್ಕು ಸಲ ಅರ್ಧರ್ಧ ಮಾಡಿದರೆ ಎ4. ಅಂದರೆ ಹದಿನಾರರಲ್ಲಿ ಒಂದು ಪಾಲು. 80 ಜಿಎಸ್‌ಎಂ ಆದರೆ ಒಂದು ಎ4 ಹಾಳೆ 5 ಗ್ರಾಂ. ಹಾಗಾದರೆ 910 ಗ್ರಾಂ ಅಂದರೆ 182 ಹಾಳೆ ಇರಬೇಕಿತ್ತು. ಕೂತು ಎಣಿಸಿದೆ. 71 ಇತ್ತು. ಅದರಲ್ಲೂ ಸುಮಾರು ನೋಟ್‌ಬುಕ್ಕಿನ ಹಾಳೆ, ಅವು ಇನ್ನೂ ತೆಳು, ಇನ್ನೂ ಚಿಕ್ಕವು. ತಕ್ಕಡಿ ಬಿಟ್ಟೆ. ಆವತ್ತಿನಿಂದ ಒಂದೊಂದೇ ಹಾಳೆ ಎಣಿಸೋದು ಅಂತ ಆಯಿತು.

ದಿನಾ ಸಂಜೆ ಒಂದು ಕೈಚೀಲದಲ್ಲಿ ಕಸ ಮನೆಗೆ ತರುತ್ತಿದ್ದೆ. "ಊರ ಕಸ ಎಲ್ಲಾ ನಮ್ಮ ಪಡಸಾಲೆಗೇ ಬರಬೇಕಾ?" ಅಂತ ಅಮ್ಮ. ಅಜ್ಜ ಮಾತ್ರ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು. ಅಜ್ಜ ಹತ್ತಿ ಮಿಲ್ಲಿನಲ್ಲಿ ಇದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದವರು. ಹೊರಗಿನವರಿಗೆ ಈಗ ದಾವಣಗೆರೆ ಅಂದರೆ ಬೆಣ್ಣೆದೋಸೆ ಅಷ್ಟೇ. ಅಜ್ಜನ ಹತ್ತಿರ ಆ ಮಾತು ಎತ್ತಬಾರದು, ಸಿಟ್ಟು ಬರುತ್ತೆ.

"ಎಷ್ಟು ಬಿತ್ತು ಅಂತ ಎಣಿಸ್ತಿದೀಯಲ್ಲವ್ವ, ಎಲ್ಲಿ ಬಿತ್ತು ಅಂತ ಬರ್ಕೊಂಡೀಯೇನು?" ಅಂದರು ಅಜ್ಜ. ಮಿಲ್ಲಿನಲ್ಲಿ ನೆಲಕ್ಕೆ ಬಿದ್ದ ಅರಳೆಯನ್ನು ಗುಡಿಸಿ ತೂಗುತ್ತಿದ್ದರಂತೆ. ಯಾವ ಮಿಷನ್ ಕೆಳಗೆ ಬಿದ್ದಿದ್ದು ಅಂತ ಗೊತ್ತಿಲ್ಲದಿದ್ದರೆ ಆ ತೂಕ ಕಟ್ಟಿಕೊಂಡು ಮೇಸ್ತ್ರಿ ಏನು ಮಾಡಬೇಕು? ಮಾರನೇ ದಿನದಿಂದ ಪ್ರತಿ ಪೀರಿಯಡ್ ಮುಗಿದ ಮೇಲೆ ಬುಟ್ಟಿ ನೋಡಿ ಬರೆದುಕೊಳ್ಳೋಕೆ ಶುರು ಮಾಡಿದೆ. ಗೆಳತಿಯರು ನನಗೆ 'ಗುಜರಿ' ಅಂತ ಹೆಸರಿಟ್ಟರು. ಇಟ್ಟುಕೊಳ್ಳಲಿ.

ಹನ್ನೆರಡು ದಿನ, 46 ಜನರ ಕ್ಲಾಸು, ಒಟ್ಟು 688 ಹಾಳೆ.

ಎಲ್ಲರೂ ಹುಡುಗರ ರಾಕೆಟ್ ಮೇಲೆ ಬೊಟ್ಟು ಮಾಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ರಾಕೆಟ್ ಸಿಕ್ಕಿದ್ದು 17. ಅವೂ ಆಗಲೇ ಬರೆದು ಮುಗಿದ ಹಾಳೆಗಳು! ಹುಡುಗರು ತಮ್ಮ ನೋಟ್ಸಿನ ಖಾಲಿ ಹಾಳೆಯನ್ನು ರಾಕೆಟ್‌ಗೆ ಹಾಳು ಮಾಡೋದಿಲ್ಲ, ಪಕ್ಕದವನ ಹಳೇ ವರ್ಕ್‌ಶೀಟ್ ಕದೀತಾರೆ. ಒಂದು ಥರ ಮರುಬಳಕೆಯೇ ಅಲ್ವಾ?

ಒಂದೇ ಕಡೆ ಪ್ರಿಂಟ್ ಆದ ನೋಟಿಸು, ವರ್ಕ್‌ಶೀಟು 171. ಯಾಕೆ ಎರಡೂ ಕಡೆ ಹೊಡೆಯಲ್ಲ ಅಂತ ಅಪ್ಪಾಜಿಯನ್ನು ಕೇಳಿದೆ. ಮಿಷನ್ ಒಳಗೆ ಬಿಸಿ ರೋಲರ್ ದಾಟಿದ ಹಾಳೆ ಸ್ವಲ್ಪ ಸುರುಳಿ ಆಗುತ್ತಂತೆ. ಅದನ್ನೇ ತಿರುಗಿಸಿ ಮತ್ತೆ ಟ್ರೇಗೆ ಹಾಕಿದರೆ ಜಾಮ್. ಹಾಳೆ ತೆಳು ಇದ್ದರೆ ಹಿಂದಿನ ಅಕ್ಷರ ಮುಂದೆ ಕಾಣುತ್ತೆ, ಓದೋಕಾಗಲ್ಲ ಅಂತ ಗಿರಾಕಿ ಬೈತಾರೆ. "ಅರ್ಜೆಂಟ್ ಅಂತ ಬಂದವರಿಗೆ ಒಂದು ಕಡೆನೇ ಹೊಡೆದು ಕಳಿಸೋದು" ಅಂದರು. ಅಂಗಡಿಯವರ ಮಗಳಾಗಿ ಇದಕ್ಕಿಂತ ಜಾಸ್ತಿ ನಾನು ಮಾತಾಡುವಂತಿಲ್ಲ.

ನೋಟ್‌ಬುಕ್ಕಿನಿಂದ ಹರಿದ ಹಾಳೆ 402. ಪ್ರಾಜೆಕ್ಟ್ ಇಲ್ಲಿಂದ ನನ್ನ ಮೇಲೇ ತಿರುಗಿತು.

ಆ 402ರಲ್ಲಿ ಅರ್ಧದಷ್ಟು ಹಾಳೆಗಳ ಮೇಲೆ ಎರಡು ಮೂರು ಸಾಲು ಬರಹ, ಅಷ್ಟೇ. ಅಥವಾ ಅರ್ಧ ಬರೆದ ಹೃದಯದ ಚಿತ್ರ, ಮಧ್ಯದಲ್ಲಿ ಕೈ ಜಾರಿದ ಗೆರೆ. ಇನ್ನರ್ಧ ಪೂರ್ತಿ ಖಾಲಿ. ಏನೂ ಬರೆಯದ ಹಾಳೆಯನ್ನು ಯಾರು ಬಿಸಾಕ್ತಾರೆ? ಅಜ್ಜ ಒಂದು ಖಾಲಿ ಹಾಳೆ, ಒಂದು ತಪ್ಪು ಬರೆದ ಹಾಳೆ ಎತ್ತಿಕೊಂಡು ಹರಿದ ಅಂಚು ಪಕ್ಕ ಪಕ್ಕ ಹಿಡಿದರು. ಸರಿಯಾಗಿ ಕೂಡಿತು. "ಜೋಡಿ ಕಣವ್ವ" ಅಂದರು.

ನಡುವೆ ಪಿನ್ ಹೊಡೆದ ನೋಟ್‌ಬುಕ್ಕಿನಲ್ಲಿ ಒಂದೊಂದು ಹಾಳೆಯೂ ಒಂದು ದೊಡ್ಡ ಹಾಳೆಯ ಅರ್ಧ. ನೂರು ಪುಟದ ಪುಸ್ತಕ ಅಂದರೆ 50 ಹಾಳೆ, ಮಡಚಿದ 25 ಜೋಡಿ. ಹತ್ತನೇ ಹಾಳೆ ಹರಿದರೆ ಆ ಕಡೆ ನಲವತ್ತೊಂದನೇದು ಸಡಿಲ ಆಗುತ್ತೆ. ಒಂದು ವಾರ ಹೇಗೋ ಇರುತ್ತೆ, ಆಮೇಲೆ ತಾನಾಗಿ ಉದುರುತ್ತೆ. ಉದುರಿದ್ದನ್ನು ನಾವು ಮುದುರಿ ಬುಟ್ಟಿಗೆ ಹಾಕುತ್ತೇವೆ.

ಯಾವ ಪೀರಿಯಡ್‌ನಲ್ಲಿ ಜಾಸ್ತಿ? ಕಾಟು ಹಾಕಬಾರದು, ವೈಟ್ನರ್ ಹಚ್ಚಬಾರದು, ತಪ್ಪಾದರೆ ಹೊಸ ಹಾಳೆಯಲ್ಲಿ ಬರೀಬೇಕು ಅನ್ನೋ ಎರಡು ವಿಷಯಗಳಲ್ಲಿ. ನೀಟ್‌ನೆಸ್‌ಗೆ ಮಾರ್ಕ್ಸ್ ಇದೆ. ಆ ಮಾರ್ಕ್ಸ್ ಪೂರ್ತಿ ತಗೊಳ್ಳೋರಲ್ಲಿ ನಾನೂ ಒಬ್ಬಳು. ಹಾಗಾಗಿ ಗುಡ್ಡೆಯಲ್ಲಿ ನನ್ನ ಅಕ್ಷರ ಮತ್ತೆ ಮತ್ತೆ ಸಿಗುತ್ತಿತ್ತು. ಅಜ್ಜನಿಗೂ ಗುರುತು ಸಿಕ್ಕಿತು. ಏನೂ ಅನ್ನಲಿಲ್ಲ, ನನ್ನವನ್ನು ಬೇರೆ ಸಾಲಿನಲ್ಲಿ ಇಡುತ್ತಾ ಹೋದರು. ಅದು ಬೈದಿದ್ದಕ್ಕಿಂತ ಕೆಟ್ಟದು. ನನ್ನ ವಿಜ್ಞಾನದ ನೋಟ್ಸ್ ತಂದು ಎಣಿಸಿದೆ. 50 ಹಾಳೆಯಲ್ಲಿ ಉಳಿದಿದ್ದು 38. ಹರಿದಿದ್ದು ಆರು ಸಲ.

ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಕಾಟು ಹಾಕೋ ಹುಡುಗನ ನೋಟ್‌ಬುಕ್ ಕೇಳಿ ಎಣಿಸಿದೆ. ಮೇಡಂ ಅವನಿಗೆ ದಿನಾ ಬೈತಾರೆ. ಅವನದು 50ಕ್ಕೆ 50 ಇತ್ತು.

ಗುಜರಿ ಅಂಗಡಿಗೂ ಹೋಗಿ ಬಂದೆ. ನೋಟ್‌ಬುಕ್ ಬೇರೆ, ನ್ಯೂಸ್‌ಪೇಪರ್ ಬೇರೆ, ರಟ್ಟು ಬೇರೆ ಇಟ್ಟಿದ್ದರು. ನನ್ನ ಚೀಲ ನೋಡಿ, ಎಣ್ಣೆ ತಾಗಿದ್ದು ಬೇಡ, ಚೂರು ಚೂರು ಆಗಿದ್ದೂ ಬೇಡ ಅಂದರು. ಪೇಪರ್ ಅಂದರೆ ನಾರು. ಕರಗಿಸಿ ಮತ್ತೆ ಹಾಳೆ ಮಾಡಿದ ಪ್ರತಿ ಸಲವೂ ನಾರು ಗಿಡ್ಡ ಆಗುತ್ತೆ, ಅದಕ್ಕೇ ಒಂದೇ ಪೇಪರನ್ನು ಎಷ್ಟು ಸಲ ಬೇಕಾದರೂ ಹೊಸದು ಮಾಡೋಕಾಗಲ್ಲ. ಅಜ್ಜನಿಗೆ ಭದ್ರಾವತಿ ನೆನಪಾಯಿತು. 1936ರಲ್ಲಿ ಶುರುವಾದ ಅಲ್ಲಿನ ಪೇಪರ್ ಮಿಲ್ಲಿನಲ್ಲಿ ಕಬ್ಬಿನ ಸಿಪ್ಪೆಯಿಂದಲೂ ಕಾಗದ ಮಾಡುತ್ತಿದ್ದರು. ಈಗ ಅದೂ ನಿಂತಿದೆ. ಮಿಲ್ಲು ಮುಚ್ಚಿದ ಮಾತು ಬಂದರೆ ಅಜ್ಜ ಬೇಗ ನಿಲ್ಲಿಸಲ್ಲ, ನಾನು ಸುಮ್ನೆ ಕೇಳಿಸಿಕೊಂಡೆ.

ಚಾರ್ಟ್ ಸಿದ್ಧ ಮಾಡಿ ಮೇಡಂ ಮುಂದೆ ಇಟ್ಟೆ. ರಾಕೆಟ್ ಕಂಬ ನೋಡಿ ನಕ್ಕರು. ನೋಟ್‌ಬುಕ್ ಕಂಬ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ತಮ್ಮ ವಿಷಯದಲ್ಲಿ ಒಂದೇ ಗೆರೆಯ ಕಾಟು ಹಾಕಬಹುದು, ಮಾರ್ಕ್ಸ್ ಕಟ್ ಮಾಡಲ್ಲ ಅಂದರು. ಇನ್ನೊಂದು ವಿಷಯದ ಸರ್ ಒಪ್ಪಲಿಲ್ಲ. "ನಾಳೆ ಬೋರ್ಡ್ ಎಕ್ಸಾಮಲ್ಲೂ ಹಿಂಗೇ ಗೀಚ್ತೀರಾ?" ಅಂದರು. ಪರೀಕ್ಷೆಯಲ್ಲಿ ತಪ್ಪಾದರೆ ಗೆರೆ ಎಳೆದೇ ಮುಂದೆ ಹೋಗಬೇಕು ಸರ್, ಹಾಳೆ ಹರಿಯೋ ಹಾಗಿಲ್ಲ ಅಂತ ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ.

ಖಾಲಿ ಜೋಡಿಗಳನ್ನೆಲ್ಲ ಅಜ್ಜ ಸೇರಿಸಿ ದಬ್ಬಣ, ದಾರ ತಗೊಂಡು ಮೂರು ರಫ್ ಬುಕ್ ಹೊಲಿದರು. ಒಂದು ನನಗೆ, ಒಂದು ತಮ್ಮನಿಗೆ. ಮೂರನೇದನ್ನು ಅಪ್ಪಾಜಿ ಅಂಗಡಿಗೆ ಒಯ್ದರು, ಸಾಲದ ಲೆಕ್ಕ ಬರೆಯೋಕೆ.

ಈಗ ನನಗೆ ಪರೀಕ್ಷೆಯ ಅಡಿಷನಲ್ ಶೀಟ್ ಎಣಿಸಬೇಕು ಅಂತ ಆಸೆ. ತಗೊಂಡು ನಾಲ್ಕೇ ಸಾಲು ಬರೆದು ದಾರ ಕಟ್ಟಿ ಕೊಡೋರು ಎಷ್ಟು ಜನ ಇರಬಹುದು? ಹೆಡ್ ಮಾಸ್ಟರ್ ಸದ್ಯಕ್ಕೆ ಬೇಡ ಅಂದಿದ್ದಾರೆ. ದಸರಾ ರಜೆ ಮುಗಿದ ಮೇಲೆ ಮತ್ತೆ ಕೇಳ್ತೀನಿ.